ಶ್ರಾವಣ ಸೋಮವಾರದ ಅಣಬೆ ಕಷಾಯ

ನಾನು ಮಾಡದೆ ಬಿಟ್ಟ ಕೆಲಸ ಬಹಳ ದೊಡ್ಡದೇನಲ್ಲ. ನನ್ನ ಅಕ್ಕನನ್ನು ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ. ಲೋಟ ಕೈಗೆ ಕೊಡುವ ಮುಂಚೆ, "ಅಕ್ಕಾ, ಇದರಾಗ ಅಣಬಿ ಐತಿ, ನಿನಗ ನಡೀತೈತೇನು?" ಎನ್ನಬೇಕಾಗಿತ್ತು. ಅಷ್ಟೇ. ಆರನೇ ಇಯತ್ತೆಗೆ ಶಾಲೆ ಬಿಟ್ಟವನಿಗೂ ಹೇಳಲು ಬರುವ ವಾಕ್ಯ ಅದು. ನನಗೆ ಬರಲಿಲ್ಲ.

ಅಕ್ಕನ ಹೆಸರು ಶಾಂತವ್ವ. ಗಡಹಿಂಗ್ಲಜದಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನಸುಕಿನಲ್ಲಿ ಒಲೆ ಹಚ್ಚಿದರೆ ಮಧ್ಯಾಹ್ನದವರೆಗೂ ಅವಳ ಮನೆಯಲ್ಲಿ ಟಪಟಪ ಸದ್ದು ನಿಲ್ಲುವುದಿಲ್ಲ. ಆಷಾಢದಲ್ಲಿ ಎಂಟು ದಿನ ಇರಲೆಂದು ಇಚಲಕರಂಜಿಯ ನನ್ನ ಮನೆಗೆ ಬಂದಳು. ಭುಜ ಹಿಡಿದುಕೊಂಡೇ ರಿಕ್ಷಾ ಇಳಿದಳು.

"ಮೈಯಾಗ ಕಸುವ ಇಲ್ಲೋ ಕಲ್ಲಪ್ಪಾ. ರಾತ್ರಿ ನಿದ್ದಿನೂ ಬರಂಗಿಲ್ಲ."

"ನಾಳೆ ಅಕ್ಕಾರನ್ನ ಡಾಕ್ಟರ ಕಡೆ ಕರ್ಕೊಂಡ ಹೋಗ್ರಿ," ಎಂದಳು ನನ್ನ ಹೆಂಡತಿ ಮಹಾದೇವಿ.

"ಡಾಕ್ಟರ ಯಾಕ? ನಾ ಇದ್ದೇನಲ್ಲ," ಎಂದೆ ನಾನು. ಮನೆತನಗಳು ಹಾಳಾಗುವುದು ಇಂಥ ಮಾತುಗಳಿಂದಲೇ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹಿಂದಿನ ರವಿವಾರ ಕೊಲ್ಲಾಪುರದಲ್ಲಿ ಕೃಷಿ ಪ್ರದರ್ಶನ ನೋಡಿ ಬಂದಿದ್ದೆ. ನನಗೆ ಹೊಲವಿಲ್ಲ, ಮಗ್ಗದ ಶೆಡ್ಡಿನಲ್ಲಿ ದುಡಿಯುವವನು. ಆದರೆ ಅಲ್ಲಿ ಹೊಸ ಟ್ರ್ಯಾಕ್ಟರ್ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಬಿಡುತ್ತಾರೆ. ಫೋಟೊ ತೆಗೆಸಿಕೊಂಡು ಇಳಿದರೆ ಎದುರಿಗೇ ಒಂದು ಅಂಗಡಿ. ಮರದ ತೊಗಟೆಯಂತೆ ಗಟ್ಟಿಯಾದ, ವಾರ್ನಿಶ್ ಹೊಡೆದಂತೆ ಹೊಳೆಯುವ ಒಣ ಅಣಬೆಗಳನ್ನು ಹರಡಿಕೊಂಡು ಒಬ್ಬ ಕೂತಿದ್ದ. ಹಿಂದಿನ ಹಲಗೆಯ ಮೇಲೆ ಅವುಗಳ ಗುಣಗಾನ. ಕುದಿಸಿ ಚಹಾದಂತೆ ಕುಡಿದರೆ ನಿದ್ದೆ ಬರುತ್ತದೆ, ದಣಿವು ಹೋಗುತ್ತದೆ, ರೋಗ ತಡೆಯುವ ಶಕ್ತಿ ಹೆಚ್ಚುತ್ತದೆ. ಕೊನೆಯಲ್ಲಿ "ಇತ್ಯಾದಿ" ಎಂದಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಇತ್ಯಾದಿ.

ಅಂಗಡಿಯವನು ಮಾತ್ರ ಪ್ರಾಮಾಣಿಕ. "ದಾದಾ, ಹೇ ಔಷಧ ನ್ಹಾಯ, ಆಧಾರ ಆಹೆ. ಗೋಳ್ಯಾ ಚಾಲೂ ಅಸತೀಲ ತರ ಡಾಕ್ಟರಲಾ ವಿಚಾರಾ," ಎಂದ. ಇದು ಔಷಧವಲ್ಲ, ಮೈಗೆ ಒಂದು ಆಧಾರ ಅಷ್ಟೇ, ಗುಳಿಗೆ ನಡೆದಿದ್ದರೆ ಡಾಕ್ಟರನ್ನು ಕೇಳು ಅಂತ. ನಾನು ಒಂದು ಪೊಟ್ಟಣ ಕೊಂಡೆ. ಹಲಗೆಯನ್ನು ನಂಬಿದೆ, ಮನುಷ್ಯನನ್ನು ನಂಬಲಿಲ್ಲ.

ಇಲ್ಲಿ ನಮ್ಮ ಮನೆತನದ ಒಂದು ಕಟ್ಟಳೆ ಹೇಳಬೇಕು. ನಾವು ಲಿಂಗ ಕಟ್ಟಿಕೊಂಡವರು, ಅಣಬೆ ತಿನ್ನುವುದಿಲ್ಲ. ಎಲ್ಲ ಮನೆಗಳಲ್ಲೂ ಹೀಗಿಲ್ಲ, ನಮ್ಮಲ್ಲಿದೆ. ನಮ್ಮ ಅವ್ವ ಅದನ್ನು "ಮಾಂಸದ ಮೈದುನ" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಬಣವೆಯ ಬುಡದಲ್ಲಿ ಎದ್ದರೆ ಕಾಲಿನಿಂದ ಒದ್ದು ಹಾಕುತ್ತಿದ್ದರು, ಕೈಯಿಂದ ಮುಟ್ಟುತ್ತಿರಲಿಲ್ಲ. ನನಗೆ ಆ ಕಟ್ಟಳೆ ಸಡಿಲ. ಶಿಫ್ಟ್ ಮುಗಿಸಿ ಬರುವಾಗ ಗಾಡಿಯ ಮಂಚೂರಿಯಲ್ಲಿ ಏನೇನು ಹೊಟ್ಟೆಗೆ ಹೋಗಿದೆಯೋ ಶಿವನೇ ಬಲ್ಲ. ಅಕ್ಕ ಹಾಗಲ್ಲ. ಲಿಂಗಪೂಜೆ ಆಗದೆ ನೀರು ಮುಟ್ಟುವುದಿಲ್ಲ, ಖಾನಾವಳಿಯವರು ಪುಕ್ಕಟೆ ಕೊಟ್ಟರೂ ಹೊರಗಿನದು ತಿನ್ನುವುದಿಲ್ಲ.

ಕಷಾಯದ ವಿಧಾನ ಸುಲಭ. ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಸೋಸಿ, ಶುಂಠಿ ಹಾಕಿ ಕುಡಿಯುವುದು. "ತೆಳ್ಳಗೆ ಹೆಚ್ಚಿ" ಎಂಬಲ್ಲಿಯೇ ನನ್ನ ಕಾರ್ಯಕ್ರಮ ನಿಂತಿತು. ಈಳಿಗೆಯ ಅಲಗು ಮುಕ್ಕಾಯಿತು. ಸುತ್ತಿಗೆಯಿಂದ ಹೊಡೆದೆ. ಅಣಬೆ ಒಡೆಯಲಿಲ್ಲ, ಚಿಮ್ಮಿ ಕಿಟಕಿಯಿಂದ ಹಾರಿ ಪಕ್ಕದ ಮನೆಯ ಕಾಕೂಳ ತುಳಸಿಕಟ್ಟೆಯಲ್ಲಿ ಪ್ರತಿಷ್ಠಾಪನೆಯಾಯಿತು. ಕೊನೆಗೆ ಶೆಡ್ಡಿನಿಂದ ಕಬ್ಬಿಣ ಕೊಯ್ಯುವ ಗರಗಸ ತಂದೆ. ಕೊಯ್ದು ಕುದಿಯಲು ಇಟ್ಟ ಮೇಲೆ ಎದ್ದ ವಾಸನೆ ಮಳೆಯಲ್ಲಿ ನೆನೆದ ಗೋಣಿಚೀಲದ್ದು.

ಕಾಕೂ ಗೋಡೆಯ ಆಚೆಯಿಂದ ಕೂಗಿದಳು. "ಮಹಾದೇವೀ, ಕಾಯ ಜಳಾಲಂಯ ಕಾ ಗಂ?" ಏನಾದರೂ ಸುಟ್ಟಿತೇ ಅಂತ.

"ಆಮಚಂ ನಶೀಬ, ಕಾಕೂ," ಎಂದಳು ನನ್ನ ಹೆಂಡತಿ, ನಮ್ಮ ಹಣೆಬರಹ ಅಂತ.

ಒಂದು ಗುಟುಕು ಕುಡಿದು ನೋಡಿದೆ. ಬೇವಿನ ಮರ ತನ್ನ ಪೂರ್ವಜರನ್ನೆಲ್ಲ ಕರೆದುಕೊಂಡು ನಾಲಿಗೆಯ ಮೇಲೆ ಬಂದು ಕೂತಿತು. ಬೆಲ್ಲ ಹಾಕಿದೆ. ಏಲಕ್ಕಿ ಹಾಕಿದೆ. ಮತ್ತೆ ಬೆಲ್ಲ ಹಾಕಿದೆ.

"ಇನ್ನೊಂದು ತುಸು ಹಾಕಿದರ ಉಂಡಿ ಕಟ್ಟಾಕ ಬರತೈತಿ ನೋಡ್ರಿ," ಎಂದ ಮಹಾದೇವಿ ದನಿ ತಗ್ಗಿಸಿ ಕೇಳಿದಳು, "ಅಕ್ಕಾರಿಗೆ ಅಣಬಿ ಅಂತ ಹೇಳೀರೇನು?"

"ಹೇಳತೇನಿ. ಮೊದಲ ಗುಣಾ ಆಗಲಿ."

"ಗುಣಾ ಆದಮ್ಯಾಗ ಹೇಳಿದರ ಕುಡದದ್ದು ಹೊರಗ ಬರತೈತೇನು?"

ಹೆಂಡತಿಯ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದೆಂದು ಅನುಭವಿಗಳು ಹೇಳುತ್ತಾರೆ. ನಾನು ಲೋಟ ಎತ್ತಿಕೊಂಡು ಪಡಸಾಲೆಗೆ ಹೋದೆ.

"ಏನೋ ಇದು, ಇಷ್ಟ ಕಹಿ?" ಅಕ್ಕ ಮುಖ ಕಿವುಚಿದಳು.

"ಗಿಡಮೂಲಿಕಿ ಅಕ್ಕಾ. ಹಿಮಾಲಯದ್ದು."

ಹಿಮಾಲಯ ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಬಾಯಿ ತೆರೆದೆ, ಬಂತು. ಅಕ್ಕ ಲೋಟವನ್ನು ಕಣ್ಣಿಗೆ ಒತ್ತಿಕೊಂಡು ಕುಡಿದಳು.

ಆಮೇಲೆ, ನಂಬಿರಿ, ಅವಳಿಗೆ ನಿದ್ದೆ ಬಂತು. ಮೂರನೆಯ ದಿನಕ್ಕೆ ಗೊರಕೆ ಶುರುವಾಯಿತು. ಮುಖಕ್ಕೆ ಕಳೆ ಬಂತು, ಭುಜದ ನೋವು ಇಳಿಯಿತು. ನಾನು ಶೆಡ್ಡಿನಲ್ಲಿ ವೈದ್ಯನಾಗಿ ಓಡಾಡಿದೆ. ನಾಲ್ಕು ಮಂದಿ ತಮ್ಮ ಸೊಂಟದ ಬಗ್ಗೆ ಸಲಹೆ ಕೇಳಿದರು, ಕೊಟ್ಟೆ.

ಮಹಾದೇವಿಯ ಅಭಿಪ್ರಾಯ ಬೇರೆ ಇತ್ತು. "ಅಕ್ಕಾರು ಎಂಟ ದಿನ ಒಂದ ರೊಟ್ಟಿ ಬಡದಿಲ್ಲ. ಕುಂತಲ್ಲೆ ನಾ ತಾಟ ತಂದ ಇಟ್ಟೇನಿ. ಬರೀ ಬಿಸಿನೀರ ಕುಡಿಸಿದ್ದರೂ ಗೊರಕಿ ಹೊಡೀತಿದ್ದರು."

ಅಕ್ಕ ಊರಿಗೆ ಹೊರಟಾಗ ಉಳಿದ ಅಣಬೆಯನ್ನು ಚೂರು ಮಾಡಿ ಪೊಟ್ಟಣ ಕಟ್ಟಿ ಕೊಟ್ಟೆ. ಹೇಳುವುದನ್ನು ಮುಂದಿನ ಸಲಕ್ಕೆ ಇಟ್ಟೆ.

ಮುಂದಿನ ಸಲ ಫೋನಿನಲ್ಲಿ ಬಂತು. ಅಕ್ಕನ ದನಿಯಲ್ಲಿ ಹಬ್ಬವಿತ್ತು.

"ತಮ್ಮಾ, ಬರೂ ಸೋಮವಾರ ನಮ್ಮನ್ಯಾಗ ಅಯ್ಯಾರ ಪಾದಪೂಜಿ ಐತಿ. ಶ್ರಾವಣ ಅಲ್ಲಾ, ಓಣಿ ಹೆಣ್ಣಮಕ್ಕಳು ಎಲ್ಲಾರೂ ಬರತಾರ. ಅಯ್ಯಾರಿಗೂ ನಿದ್ದಿ ಬರಂಗಿಲ್ಲಂತ. ನಿನ್ನ ಕಷಾಯ ಒಂದ ಕ್ಯಾನ ತುಂಬಿಸ್ಕೊಂಡ ಬಾ. ಮೊದಲ ಅಯ್ಯಾರಿಗೆ ಕೊಟ್ಟು, ಆಮ್ಯಾಲ ಎಲ್ಲಾರಿಗೂ ಕೊಡೂನು. ನನ್ನ ತಮ್ಮ ಮಾಡಿದ್ದು ಅಂತ ಹೇಳೇನಿ."

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. "ಹೂಂ ಅಕ್ಕಾ," ಎಂದು ಬಂತು.

ಹುಟ್ಟಿದಾಗಿನಿಂದ ಅಣಬೆ ಮುಟ್ಟದವರ ಒಂದು ಓಣಿ, ಎದುರಿಗೆ ಗುರುವಿನ ಪಾದ, ಅದೂ ಶ್ರಾವಣ ಸೋಮವಾರ! ನನ್ನ ಬುದ್ಧಿ ಚುರುಕಾಯಿತು. ಅಣಬೆಯಿಲ್ಲದ ಅಣಬೆ ಕಷಾಯ ಮಾಡಲು ನಿರ್ಧರಿಸಿದೆ. ಶುಂಠಿ, ಮೆಣಸು, ಜ್ಯೇಷ್ಠಮಧು, ಬಣ್ಣಕ್ಕೆ ಸುಟ್ಟ ಬೆಲ್ಲ, ಕಹಿಗೆ ಹಾಗಲಕಾಯಿ. ಮಹಾದೇವಿ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಖರೆ ಹೇಳೂದು ಇದಕ್ಕಿಂತ ಕಡಿಮಿ ಖರ್ಚಿನ್ಯಾಗ ಆಗ್ತಿತ್ತು."

ಸೋಮವಾರ ಕ್ಯಾನನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡು ಕೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಗಡಹಿಂಗ್ಲಜದ ಎಸ್‌ಟಿ ಬಸ್ಸು ಹತ್ತಿದೆ. ಕಂಡಕ್ಟರ್ ಕ್ಯಾನ್ ಮುಟ್ಟಿ, "ದೂಧ ಕಾ?" ಎಂದ, ಹಾಲೇನು ಅಂತ. ನಾನು ಔಷಧ ಎಂದೆ. ಹಾಗಾದರೆ ನನಗೂ ಸ್ವಲ್ಪ ಕೊಡು ಎಂದ. ಮುಚ್ಚಳದಲ್ಲಿ ಹಾಕಿ ಕೊಟ್ಟೆ. ಕುಡಿದವನು ಆಮೇಲೆ ನನ್ನ ಕಡೆ ಬರಲೇ ಇಲ್ಲ, ಸಾಮಾನಿನ ಟಿಕೆಟ್ಟನ್ನೂ ಕೇಳಲಿಲ್ಲ. ಹಾಗಲಕಾಯಿ ತನ್ನ ಕೆಲಸ ಮಾಡಿದೆ ಎಂದು ಸಮಾಧಾನಪಟ್ಟೆ.

ಅಕ್ಕನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಊದುಬತ್ತಿ, ಬಿಲ್ವಪತ್ರೆ, ವಿಭೂತಿಯ ಘಮ. ಅಯ್ಯನವರು ಕಂಬಳಿ ಹಾಸಿದ ಗದ್ದುಗೆಯ ಮೇಲೆ ಕೂತಿದ್ದರು. ಅಕ್ಕ ಕ್ಯಾನನ್ನು ಅಡುಗೆಮನೆಗೆ ಒಯ್ದು ಮುಚ್ಚಳ ತೆರೆದಳು. ಗುರುವಿಗೆ ಕೊಡುವುದನ್ನು ಮೊದಲೇ ರುಚಿ ನೋಡಬಾರದು. ಆದ್ದರಿಂದ ಮೂಗಿನಿಂದ ನೋಡಿದಳು.

"ಇದು ಆ ವಾಸನಿ ಅಲ್ಲೋ."

"ಮಳಿಗಾಲ ಅಲ್ಲಾ ಅಕ್ಕಾ, ಥಂಡಿಗೆ ವಾಸನಿ ಕುಂತೈತಿ."

"ಇರಲಿ, ಸಾಲೂದಿಲ್ಲೇನೋ ಅಂತ ನೀ ಕೊಟ್ಟ ಚೂರು ನಾನೂ ನಸಕಲೆ ಕುದಿಸಿ ಆರಾಕ ಇಟ್ಟೇನಿ. ಎರಡೂ ಕೂಡಿಸಿ ಬಿಡೂನು."

ನಾನು ಕೈ ಎತ್ತುವಷ್ಟರಲ್ಲಿ ತನ್ನದನ್ನೂ ನನ್ನದನ್ನೂ ಒಂದು ದೊಡ್ಡ ಪಾತೇಲಿಗೆ ಸುರಿದಳು. ನನ್ನ ಹಾಗಲಕಾಯಿಗೂ ಅವಳ ಅಣಬೆಗೂ ಅಲ್ಲಿಯೇ ಲಗ್ನವಾಯಿತು.

ಪಾದಪೂಜೆ ಮುಗಿಯಿತು. ಪಾತೇಲಿ ನಡುಮನೆಗೆ ಬಂತು. ಅಕ್ಕ ಸೆರಗು ಹೊದ್ದು, ಬೆಳ್ಳಿಯ ಲೋಟ ಹಿಡಿದು, "ನನ್ನ ತಮ್ಮ ನಮ್ಮ ಸಲುವಾಗಿ ಹಿಮಾಲಯದ ಬೇರು ತರಿಸ್ಯಾನ್ರಿ ಅಯ್ಯಾರ," ಎಂದಳು. ಹೆಂಗಸರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಒಬ್ಬ ಮುದುಕಿ ದೂರದಿಂದಲೇ ದೃಷ್ಟಿ ತೆಗೆದಳು. ಅಕ್ಕ ಲೋಟವನ್ನು ಪಾತೇಲಿಯ ಕಡೆ ಬಾಗಿಸಿದಳು.

ಹೇಳುವುದಕ್ಕೆ ಒಂದೇ ಒಂದು ಮಾತು ಸಾಕಿತ್ತು. ನಾನು ಬೀಳುವುದನ್ನು ಆರಿಸಿಕೊಂಡೆ.

ಕಾಲು ಜಾರಿದವನಂತೆ ಎರಡು ಹೆಜ್ಜೆ ಓಲಾಡಿ ಪಾತೇಲಿಯ ಮೇಲೆ ಬಿದ್ದೆ. ಎಡಗೈ ಪಾತೇಲಿಯೊಳಗೆ, ತಲೆ ಬಾಳೆಹಣ್ಣಿನ ತಾಟಿನಲ್ಲಿ. ಕಷಾಯ ನಡುಮನೆಯ ತುಂಬ ಹರಿಯಿತು. ಹೆಂಗಸರು ಸೀರೆ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತರು. ಗದ್ದುಗೆಯ ಬುಡಕ್ಕೆ ಹೊಳೆ ಬಂದಾಗ ಅಯ್ಯನವರು ಎರಡೂ ಪಾದ ಮೇಲಕ್ಕೆ ಎತ್ತಿ, ನಿಧಾನವಾಗಿ ಕೇಳಿದರು:

"ಪಾದಪೂಜಿ ಇನ್ನೂ ಮುಗದಿಲ್ಲೇನಪಾ?"

ಮನೆಯೆಲ್ಲ ನಕ್ಕಿತು. ಬಾಳೆಹಣ್ಣಿನ ನಡುವಿನಿಂದ ನಾನೂ ನಕ್ಕೆ. ಯಾರೂ ಕುಡಿಯಲಿಲ್ಲ, ಯಾರಿಗೂ ತಿಳಿಯಲಿಲ್ಲ. ನನ್ನಷ್ಟು ಜಾಣ ಕೊಲ್ಲಾಪುರ ಜಿಲ್ಲೆಯಲ್ಲೇ ಇಲ್ಲ ಎನಿಸಿತು.

ಅಕ್ಕ ನಗಲಿಲ್ಲ. ಒರೆಸುವ ಅರಿವೆ ತಂದು ನೆಲದ ಮೇಲೆ ಕೂತಿದ್ದಳು. ಆದರೆ ಒರೆಸುತ್ತಿರಲಿಲ್ಲ, ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ನನ್ನ ಕಡಿಂದ ಏನೋ ತಪ್ಪಾಗೈತ್ರಿ ಅಯ್ಯಾರ. ಅದಕ್ಕ ದೇವರು ನನ್ನ ಕೈಲಿಂದ ತಗೋಲಿಲ್ಲ."

"ಬಿಡವ್ವಾ, ಚೆಲ್ಲಿದ್ದು ನೆಲಕ್ಕ ಹೋತು," ಎಂದರು ಅಯ್ಯನವರು.

"ಹಂಗೇನಿಲ್ರಿ," ಎಂದಳು ಆ ಮುದುಕಿ. "ಗುರುವಿನ ಬಾಯಿಗೆ ಹೋಗೂದು ಚೆಲ್ಲತೈತಿ ಅಂದರ ಏನರೆ ಇರಬೇಕು. ನೆಪ್ಪ ಮಾಡ್ಕೋ ಶಾಂತವ್ವಾ, ಏನ ತಪ್ಪ ಮಾಡೀದಿ?"

ಅಕ್ಕ ನೆನಪು ಮಾಡಿಕೊಳ್ಳತೊಡಗಿದಳು. ಅವಸರದಲ್ಲಿ ವಿಭೂತಿ ಹಚ್ಚಿಕೊಳ್ಳದೆ ಒಲೆ ಹಚ್ಚಿದ ಒಂದು ದಿನ. ಖಾನಾವಳಿಯವನ ಮೇಲೆ ಸಿಟ್ಟಿಗೆದ್ದು ಬೈದ ಇನ್ನೊಂದು ದಿನ. ಹುಡುಕಿ ಹುಡುಕಿ ಹೇಳಿದಳು. ಕೊನೆಗೆ, "ಶ್ರಾವಣ ಮುಗಿಯೂತನಕ ಒಪ್ಪತ್ತ ಊಟಾ ಬಿಡತೇನ್ರಿ," ಎಂದಳು. ಒಂದೇ ಹೊತ್ತು ಉಂಡು ಖಾನಾವಳಿಗಳಿಗೆಲ್ಲ ರೊಟ್ಟಿ ಬಡಿಯುವವಳು ಅವಳು.

ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಒರೆಸಿಕೊಂಡು ಕೇಳಿದಳು. "ನಿನಗ ಪೆಟ್ಟ ಆತೇನೋ ತಮ್ಮಾ?"

ತಾಟಿನಿಂದ ತಲೆ ಎತ್ತಿದೆ. ಕೆನ್ನೆಗೆ ಬಾಳೆಹಣ್ಣು ಅಂಟಿತ್ತು. ಓಣಿಯ ಹೆಂಗಸರು, ಅಯ್ಯನವರು, ಎಲ್ಲರೂ ನೋಡುತ್ತಿದ್ದರು. ಇಷ್ಟು ದಿನ ಬಾಯಿ ತೆರೆದಾಗಲೆಲ್ಲ ಬೇರೆ ಏನೋ ಬರುತ್ತಿತ್ತು. ಈ ಸಲ ಇದು ಬಂತು:

"ತಪ್ಪ ನಿಂದಲ್ಲ ಅಕ್ಕಾ, ನಂದು. ಅದು ಹಿಮಾಲಯದ ಬೇರಲ್ಲ, ಅಣಬಿ. ನೀ ತಿನ್ನಂಗಿಲ್ಲ ಅಂತ ಗೊತ್ತಿದ್ದೂ ಕುಡಿಸೀನಿ, ಒಂದ ಮಾತ ಕೇಳಲಿಲ್ಲ. ಈಗ ಕಾಲೂ ಜಾರಿಲ್ಲ, ಬೇಕಂತನ ಬಿದ್ದೇನಿ. ಖರೆ ಹೇಳೂದಕ್ಕಿಂತ ಬೀಳೂದು ಹಗರ ಅನಿಸ್ತು. ನೀ ಊಟಾ ಬಿಡಬ್ಯಾಡ, ಬಿಡೂದಿದ್ರ ನಾ ಬಿಡತೇನಿ, ನನಗ ಹೊಟ್ಟಿನೂ ಭಾಳ ಬಂದೈತಿ. ನನ್ನ ತಪ್ಪಾತು ಅಕ್ಕಾ. ಆ ಅರಿವಿ ಇತ್ತ ಕೊಡ, ನಾ ಒರಸತೇನಿ."