ಮಿಂಚುರಾಣಿಯ ಅಳತೆ

ನಮ್ಮ ಸೋದರತ್ತೆಗೆ ತಲೆ ಸ್ವಲ್ಪ ಸಡಿಲ ಎಂದು ಊರಿನವರೆಲ್ಲ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಸ್ವಲ್ಪವಲ್ಲ! ಹೊಲದ ಬೆದರುಬೊಂಬೆಗೆ ಒಂದು ಹಳೇ ಜುಬ್ಬಾ ಸರಿಮಾಡಿಕೊಡು ಎಂದರೆ, ಟೇಪು ಹಿಡಿದು ಹೊಲಕ್ಕೇ ಹೋಗಿ ಬೊಂಬೆಯ ಭುಜ ಅಳೆದು ಬಂದ ಹೆಂಗಸನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರಾ? "ಇವ್ನು ಯಾವಾಗ್ಲೂ ಕೈ ಅಗಲಿಸ್ಕಂಡೇ ನಿಂತಿರ್ತಾನೆ ಕಣ್ಲಾ, ಕಂಕುಳಲ್ಲಿ ಹಿಡೀಬಾರ್ದು" ಎಂದು ಅಲ್ಲಿಗೆ ತುಂಡು ಬಟ್ಟೆ ಕೊಟ್ಟು ಹೊಲಿದಳು. ಆ ವರ್ಷ ಇಡೀ ಊರಿನಲ್ಲಿ ಸರಿಯಾದ ಅಳತೆಯ ಅಂಗಿ ತೊಟ್ಟಿದ್ದ ಗಂಡಸು ಅವನೊಬ್ಬನೇ!

ಅತ್ತೆಯದು ತುರುವೇಕೆರೆಗೆ ಹತ್ತಿರದ ಒಂದು ಹಳ್ಳಿ. ಮಾವ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಜಗುಲಿಯ ಮೇಲೆ ಕೂತವಳು, ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ನಾನು ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಸೇರಿದಾಗ ಅವಳ ಮನೆಯಲ್ಲೇ ಇದ್ದೆ. ಸಂಜೆ ಬೂದುಗುಂಬಳದ ಹಾಗೆ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಪೊರಕೆಯಿಂದ ಗುಡಿಸಿ ಒಳಗೆ ಬಿಡುತ್ತಿದ್ದಳು.

ಹೊಲಿಗೆಯಲ್ಲಿ ಅವಳದೊಂದು ಹುಚ್ಚು ನಿಯಮವಿತ್ತು. ಬಟ್ಟೆ ತಂದವರ ಮಾತು ಕೇಳುವುದಿಲ್ಲ, ಅದನ್ನು ತೊಡುವವರೇ ಬಂದು ಹೇಳಬೇಕು. ಒಮ್ಮೆ ಒಬ್ಬರು ಮಗನ ಮದುವೆಗೆ ಸಿಲ್ಕ್ ಬಟ್ಟೆ ತಂದು, ಅಳತೆಗೆಂದು ಹಳೇ ಅಂಗಿಯನ್ನೂ ಇಟ್ಟರು. ಅತ್ತೆ ಮುಟ್ಟಲಿಲ್ಲ. "ಹುಡುಗನ್ನ ಕರ್ಕಂಬನ್ನಿ" ಎಂದಳು. ಅವನು ಚಿಕ್ಕನಾಯಕನಹಳ್ಳಿಯಲ್ಲಿ ಕೆಲಸದಲ್ಲಿದ್ದ. ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ಬಂದು ನಿಂತ. "ಕಾಲರ್ರು ಹೆಂಗಿರ್ಲಪ್ಪಾ?" ಎಂದು ಅತ್ತೆ ಕೇಳಿದಳು. "ಹೆಂಗಾದ್ರೂ ಇರ್ಲಿ" ಎಂದ. "ನೋಡುದ್ರಾ? ಇದು ಅವನ ಬಾಯಲ್ಲೇ ಬರ್ಬೇಕಿತ್ತು" ಎಂದು ಅತ್ತೆ ಗೆದ್ದವಳಂತೆ ಕತ್ತರಿ ಎತ್ತಿಕೊಂಡಳು!

ಇಂಥವಳ ಕೈಗೆ ಆ ಊರಿನ ಯುವಕರು ಸಿಕ್ಕಿಬಿದ್ದ ಕಥೆಯನ್ನು ಹೇಳಬೇಕು.

ಎಂಬತ್ತರ ದಶಕದ ಆರಂಭ ಅದು. ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ನಾವು ಪೌರಾಣಿಕ ನಾಟಕ ಆಡುತ್ತಿದ್ದೆವು. ಭೀಮನ ಗದೆಗೆ ಗೆದ್ದಲು ಹಿಡಿದು ಹೋಗಿತ್ತು, ದುರ್ಯೋಧನನಿಗೆ ಕೆಮ್ಮು ಜಾಸ್ತಿಯಾಗಿತ್ತು. ಅಷ್ಟರಲ್ಲಿ ನಮ್ಮ ಯುವಕ ಸಂಘದ ಕಾರ್ಯದರ್ಶಿ ಬೆಂಗಳೂರಿನ ಫುಟ್‌ಪಾತಿನಿಂದ ಒಂದು ಇಂಗ್ಲಿಷ್ ಚಿತ್ರಕಥೆಯ ಪುಸ್ತಕ ತಂದ. ಅದರ ತುಂಬ ಆಕಾಶದಲ್ಲಿ ಹಾರಾಡುವ ವೀರರು, ವೀರಾಂಗನೆಯರು. ನೋಡಿದ ಕೂಡಲೇ ನಮಗೆಲ್ಲ ರೆಕ್ಕೆ ಬಂತು. ಮೂರೇ ದಿನದಲ್ಲಿ ನಾಟಕ ಸಿದ್ಧವಾಯಿತು. ತೆಂಗಿನ ತೋಟಗಳಿಗೆ ನುಗ್ಗಿ ಎಳನೀರನ್ನೆಲ್ಲ ಹೀರಿಬಿಡುವ ಒಬ್ಬ ರಾಕ್ಷಸ. ಅವನನ್ನು ಕೊಲ್ಲಲು ಬರುವವರು ಗಗನವೀರ ಮತ್ತು ಮಿಂಚುರಾಣಿ. ಇಬ್ಬರಿಗೂ ಸಮನಾದ ಶಕ್ತಿ. ಗಗನವೀರ ಯಾರು ಅಂತೀರಾ? ನಾನೇ! ಮಿಂಚುರಾಣಿಯ ಪಾತ್ರಕ್ಕೆ ಎಂದಿನಂತೆ ಹಾಸನದ ಕಡೆಯಿಂದ ಒಬ್ಬ ಕಲಾವಿದೆಯನ್ನು ಕರೆಸುವುದೆಂದಾಯಿತು.

ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ನಾನು ಪುಸ್ತಕ ಹಿಡಿದು ಅತ್ತೆಯ ಜಗುಲಿಗೆ ಹೋದೆವು. ಅಧ್ಯಕ್ಷರು ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುವ ದೊಡ್ಡ ಕುಳ. ಅತ್ತೆ ಕನ್ನಡಕ ಏರಿಸಿ ವೀರನ ಚಿತ್ರ ನೋಡಿದಳು.

"ಇವ್ನು ಯಾಕ್ಲಾ ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕಂಡವ್ನೆ?"

"ಅದು ಅವರ ಡ್ರೆಸ್ಸು, ಅತ್ತೆ."

"ಪಾಪ, ಹಾಕ್ಕಳೋವಾಗ ಕರೆಂಟ್ ಹೋಗಿರ್ಬೇಕು."

ಆಮೇಲೆ ಪುಟ ತಿರುಗಿಸಿ ವೀರಾಂಗನೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಗಂಡಿಗೆ ಕತ್ತಿನಿಂದ ಅಂಗಾಲಿನವರೆಗೆ ಬಟ್ಟೆ, ಮೇಲೊಂದು ಹೊದಿಕೆ, ಬೂಟು, ಕೈಗವಸು. ಹೆಣ್ಣಿಗೆ ತೋಳಿಲ್ಲ, ಬೆನ್ನಿಲ್ಲ, ತೊಡೆಯ ಹತ್ತಿರ ಬರುವಷ್ಟರಲ್ಲಿ ಬಟ್ಟೆಯೇ ಮುಗಿದುಹೋಗಿತ್ತು.

"ಇವಳಿಗ್ಯಾಕೆ ಸಾಲ್ಲಿಲ್ಲ? ಸೊಸೈಟೀಲಿ ಅಳೆದು ಕೊಡೋ ರೇಷನ್ ಬಟ್ಟೆನಾ?"

"ಹಾರೋರು ಹಗುರ ಇರ್ಬೇಕು ಕಣಮ್ಮಾ" ಎಂದರು ಅಧ್ಯಕ್ಷರು.

"ಹಂಗಾರೆ ಇವ್ನು ಇಷ್ಟೊಂದು ಹೊತ್ಕಂಡು ಹೆಂಗ್ ಹಾರ್ತಾನೆ?"

ಅಧ್ಯಕ್ಷರು ಕೆಮ್ಮಿದರು. ಕಾರ್ಯದರ್ಶಿ ವಿವರಿಸಲು ಹೋಗಿ, ಮಿಂಚುರಾಣಿ ಬೆಂಕಿಯೊಳಗೆ ನುಗ್ಗಿ ತೋಟ ಉಳಿಸುತ್ತಾಳೆ ಎಂದ. "ಬೆಂಕಿಗೆ ಹೋಗೋಳಿಗೆ ಮಂಡಿ ಮುಚ್ಚಲ್ಲ, ಹೊರಗೆ ನಿಂತ್ಕಂಡು ನೋಡೋನಿಗೆ ಬೂಟು!" ಎಂದಳು ಅತ್ತೆ. ನಾನು ಬೂಟಿನ ಆಸೆಯಿಂದ ಸುಮ್ಮನಿದ್ದೆ. ಕೊನೆಗೆ ಅಧ್ಯಕ್ಷರು, "ಚಿತ್ರದಲ್ಲಿ ಇರೋ ಹಂಗೇ ಹೊಲಿದ್ಬುಡು" ಎಂದು ಕೆಂಪು ಸ್ಯಾಟಿನ್ ಬಟ್ಟೆ ಇಟ್ಟು ಹೊರಟರು. ತಮ್ಮ ಮಗಳ ರವಿಕೆಯ ತೋಳು ಮೊಣಕೈ ಮುಟ್ಟಲಿಲ್ಲವೆಂದು ಹಿಂದಿನ ತಿಂಗಳಷ್ಟೇ ವಾಪಸು ಕಳಿಸಿದ್ದ ಮಹಾನುಭಾವರು ಇವರೇ!

ಅತ್ತೆ ನನ್ನ ಡ್ರೆಸ್ಸನ್ನು ಮೊದಲು ಹೊಲಿದಳು. ನನಗೆ ಎದೆ ಎಂಬುದು ಹೆಸರಿಗೆ ಮಾತ್ರ ಇದ್ದದ್ದರಿಂದ ಬನಿಯನ್ನಿಗೆ ಒಳಗಿನಿಂದ ತೆಂಗಿನ ನಾರು ತುಂಬಿ ಮಾಂಸಖಂಡ ಮಾಡಿಕೊಟ್ಟಳು. ನೋಡಲು ಪೈಲ್ವಾನ್, ಆದರೆ ನವೆ ತಡೆಯಲು ಆಗುತ್ತಿರಲಿಲ್ಲ. ಮಾರನೆಯ ದಿನ ಮಿಂಚುರಾಣಿಯದನ್ನೂ ಚಿತ್ರದಲ್ಲಿರುವ ಹಾಗೇ ಹೊಲಿದು, ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಜಗುಲಿಗೆ ಕರೆಸಿದಳು.

"ಆಯಮ್ಮ ಇನ್ನೂ ಬಂದಿಲ್ಲ. ಟ್ರಯಲ್ ನೋಡ್ಬೇಕಲ್ಲ? ಲೋ, ಹಾಕ್ಕಂಬಾರ್ಲಾ" ಎಂದು ನನ್ನ ಕಡೆ ಎಸೆದಳು.

ನಾನು ಬೇಡವೆಂದೆ. ರಾತ್ರಿ ಊಟವಿಲ್ಲ ಎಂದಳು. ಹಾಕಿಕೊಂಡು ಬಂದೆ! ಒಂದು ಕೈಯಲ್ಲಿ ಎದೆಯ ಹತ್ತಿರ ಮೇಲಕ್ಕೆ ಎಳೆದುಕೊಳ್ಳುತ್ತ, ಇನ್ನೊಂದು ಕೈಯಲ್ಲಿ ತೊಡೆಯ ಹತ್ತಿರ ಕೆಳಕ್ಕೆ ಎಳೆದುಕೊಳ್ಳುತ್ತ ನಿಂತೆ. ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಹೆಂಗಸರು ನಿಂತುಬಿಟ್ಟರು. ಜೀವಮಾನದಲ್ಲಿ ನನ್ನ ಮಂಡಿಗಳನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

"ಹಾರು" ಎಂದಳು ಅತ್ತೆ. "ಕೈ ಎತ್ತು."

"ಎತ್ತಕ್ಕಾಗಲ್ಲ ಅತ್ತೆ, ಎತ್ತಿದ್ರೆ ಡ್ರೆಸ್ಸೂ ಮೇಲಕ್ಕೋಗ್ತದೆ."

"ಕೈ ಎತ್ತದೆ ಹೆಂಗ್ಲಾ ರಾಕ್ಷಸನಿಗೆ ಹೊಡೀತೀಯ?"

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ನಕ್ಕು, "ಇವ್ನು ಹಾಕ್ಕಂಡ್ರೆ ಅಸಹ್ಯ ಕಣಮ್ಮಾ, ಆಯಮ್ಮ ಹಾಕ್ಕಂಡ್ರೆ ಚೆಂದ. ದುಡ್ಡು ಕೊಟ್ಟು ಕರೆಸ್ತಾ ಇಲ್ವಾ?" ಎಂದರು.

"ನಿಮ್ಮ ಮಗಳ ಕೈಲಿ ಈ ಪಾರ್ಟು ಮಾಡಿಸ್ರಿ. ಇನ್ನೂ ಚೆಂದಾಗಿ ಹೊಲ್ಕೊಡ್ತೀನಿ."

ನಗು ನಿಂತಿತು. ಅಧ್ಯಕ್ಷರ ಮುಖ ಸ್ಯಾಟಿನ್ ಬಟ್ಟೆಗಿಂತ ಕೆಂಪಾಯಿತು. ಎದ್ದು ನಿಂತು, "ಆಯಮ್ಮ ಇದನ್ನ ಹಾಕ್ಕಂಡ್ರೆ ಪಾರ್ಟು. ಇಲ್ಲಾಂದ್ರೆ ಬಂದ ಬಸ್ಸಲ್ಲೇ ವಾಪಸ್ಸು" ಎಂದು ಹೊರಟುಹೋದರು. ಆ ಸಂಜೆ ಅತ್ತೆ ಸೂಜಿಗೆ ದಾರ ಪೋಣಿಸಲು ತುಂಬ ಹೊತ್ತು ಒದ್ದಾಡಿದಳು. ತಾನು ಹಟ ಹಿಡಿದರೆ ಅನ್ನ ಕಳೆದುಕೊಳ್ಳುವವಳು ಬೇರೊಬ್ಬಳು ಎಂಬುದು ಅವಳಿಗೂ ಗೊತ್ತಿತ್ತು.

ಕರೆಂಟನ್ನು ನಂಬಿ ರಾತ್ರಿ ನಾಟಕ ಇಟ್ಟುಕೊಳ್ಳುವ ಧೈರ್ಯ ಗಗನವೀರನಿಗೂ ಇರಲಿಲ್ಲವಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ನಾಟಕ ಇಟ್ಟಿದ್ದೆವು. ಕಲಾವಿದೆ ಅದೇ ದಿನ ಬೆಳಗಿನ ಬಸ್ಸಿಗೆ ಬಂದಳು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಎಳೇ ಮಗು! ಮಗುವಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಅವಳಿಗೆ ರೊಟ್ಟಿ ಹಾಕಿ, ಕಾಫಿ ಕೊಟ್ಟು, ಆ ಡ್ರೆಸ್ಸನ್ನು ಮುಂದೆ ಹರಡಿದಳು.

"ಇದು ಅವರು ಹೇಳಿದ್ದು. ನೀನು ಹೇಳವ್ವಾ, ಹೆಂಗಿರ್ಬೇಕು?"

ಅವಳು ಒಮ್ಮೆ ನೋಡಿ, ಅಭ್ಯಾಸವಾದವಳಂತೆ ಮಡಚಿ ಪಕ್ಕಕ್ಕಿಟ್ಟಳು. "ಹಾಕ್ಕೋತೀನಿ ಬಿಡಿ ಅಕ್ಕಾ. ಏನು ಕೊಟ್ರೂ ಹಾಕ್ಕೋತೀನಿ. ನಾನು ಬೇಡ ಅಂದ್ರೆ ಇನ್ನೊಬ್ಬಳನ್ನ ಕರೀತಾರೆ."

"ನಾನು ಅದನ್ನ ಕೇಳ್ಲಿಲ್ಲ ಕಣವ್ವಾ. ನಿಂಗೆ ಹೆಂಗ್ ಬೇಕು ಅಂತ ಕೇಳ್ದೆ."

ಅವಳು ಅತ್ತೆಯ ಮುಖ ನೋಡಿದಳು. ಇದು ತಮಾಷೆಯೋ ನಿಜವೋ ಎಂದು ಅವಳಿಗೆ ಹೊಳೆಯಲಿಲ್ಲ. ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು: "ಮುಂದ್ಗಡೆ ಗುಂಡಿ ಇದ್ರೆ ಮಗೂಗೆ ಅನುಕೂಲ. ಕಾಲಿಗೆ ಪೈಜಾಮ ಥರ ಇದ್ರೆ... ನಾನು ಚೆನ್ನಾಗಿ ಫೈಟ್ ಮಾಡ್ತೀನಿ ಅಕ್ಕಾ. ಯಾರೂ ನೋಡೇ ಇಲ್ಲ."

ಅಷ್ಟೇ ಸಾಕಾಯಿತು! ಅತ್ತೆ ಸುತ್ತಮುತ್ತ ನೋಡಿದಳು. ಬೇರೆ ಸ್ಯಾಟಿನ್ ಇರಲಿಲ್ಲ. ಗೂಟದಲ್ಲಿ ನೇತಾಡುತ್ತಿದ್ದುದು ನನ್ನ ಡ್ರೆಸ್ಸು. ನಾನು ಬಾಯಿ ತೆರೆಯುವಷ್ಟರಲ್ಲಿ ಕತ್ತರಿ ಆಡಿಬಿಟ್ಟಿತ್ತು. ನನ್ನ ಪ್ಯಾಂಟು, ಅಂಗಿ, ಹೊದಿಕೆ ಎಲ್ಲ ಮಿಂಚುರಾಣಿಯ ಪಾಲಾಯಿತು. ಸಂಘದವರು ನನಗೆಂದು ತಂದಿದ್ದ ಬೂಟಿಗೆ ಮಾತ್ರ ಕತ್ತರಿ ಹಾಕಲು ಆಗದೆ ಹಾಗೇ ಕೊಟ್ಟಳು, ಅದೂ ಅವಳಿಗೇ. ಗಗನವೀರನಿಗೆ ಉಳಿದದ್ದು ನಾರಿನ ಬನಿಯನ್ನು ಮತ್ತು ಮಾವನ ಹಳೇ ಪಂಚೆ!

ತೆಂಗಿನ ಸೋಗೆಯ ಚಪ್ಪರ ತುಂಬಿ ಜನ ಸೇರಿದ್ದರು. ನನ್ನನ್ನು ಹಗ್ಗಕ್ಕೆ ಕಟ್ಟಿ, ಬಾವಿಯ ರಾಟೆಯ ಮೇಲೆ ಹಾಯಿಸಿ, ಕಾಯಿ ಕೀಳುವ ಇಬ್ಬರು ಎಳೆಯುತ್ತಿದ್ದರು. ಕಚ್ಚೆಪಂಚೆಯಲ್ಲಿ ಹಾರಿಬಂದ ವೀರನನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ಮಿಂಚುರಾಣಿ ಬಂದಾಗ ಮಾತ್ರ ಯಾರೂ ನಗಲಿಲ್ಲ. ಮೊದಲ ಒದೆತಕ್ಕೇ ನಮ್ಮ ರಾಕ್ಷಸ ಹಾರ್ಮೋನಿಯಂ ಮೇಲೆ ಹೋಗಿ ಬಿದ್ದ. ಶಿಳ್ಳೆಯೋ ಶಿಳ್ಳೆ! ಅವಳ ಡ್ರೆಸ್ಸು ಬದಲಾದದ್ದನ್ನು ಕಂಡು ಅಧ್ಯಕ್ಷರು ಹಲ್ಲು ಕಡಿದರು. ಆದರೆ ಜನ ಕೂತಾಗಿತ್ತು, ಏನು ಮಾಡಿಯಾರು?

ಎರಡನೆಯ ಅಂಕ ಮುಗಿಯುವ ಹೊತ್ತಿಗೆ ಪರದೆಯ ಹಿಂದೆ ಮಗು ಅಳತೊಡಗಿತು. ಮಿಂಚುರಾಣಿ ಒಳಗೆ ಹೋದವಳು ಬರಲಿಲ್ಲ. ಹೊತ್ತು ತುಂಬಿಸಲು ನನ್ನನ್ನು ಮೇಲಕ್ಕೆಳೆದರು, ಇಳಿಸಿದರು, ಮತ್ತೆ ಎಳೆದರು. ನಾರು ಚುಚ್ಚುತ್ತಿತ್ತು, ತುರಿಸಿಕೊಳ್ಳೋಣವೆಂದರೆ ಎರಡೂ ಕೈ ಹಾರುತ್ತಿದ್ದವು! ಜನ ಕೂಗಲು ಶುರುಮಾಡಿದರು. ಮೇಲೆ ತೂಗಾಡುತ್ತಿದ್ದ ನನಗೆ ಪರದೆಯ ಹಿಂದಿನದೆಲ್ಲ ಕಾಣುತ್ತಿತ್ತು. ಅವಳು ಮೂಲೆಯಲ್ಲಿ ಕೂತು ಹಾಲು ಕುಡಿಸುತ್ತಿದ್ದಳು. ಅತ್ತೆ ಅವಳ ಮುಂದೆ ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದಳು. ಅಧ್ಯಕ್ಷರು ಬಿರುಗಾಳಿಯ ಹಾಗೆ ನುಗ್ಗಿದರು.

"ಜನ ಕೂಗ್ತಾವ್ರೆ ಕಣಮ್ಮಾ!"

"ಕೂಸೂ ಕೂಗ್ತು. ಮೊದ್ಲು ಕೂಗಿದ್ದು ಅದೇ."

ಅಧ್ಯಕ್ಷರು ನಿಂತರು. ಸೆರಗಿನ ಆಚೆಯಿಂದ ಮಗು ಗಟಗಟ ಕುಡಿಯುವ ಸದ್ದು ಬರುತ್ತಿತ್ತು. ಅವರು ತಲೆ ತಗ್ಗಿಸಿದರು. ತಿರುಗಿ ನೇರ ರಂಗದ ಮೇಲೆ ಬಂದು, ನನ್ನ ಕಾಲ ಕೆಳಗೆ ನಿಂತು, ಟವೆಲ್ಲು ಸರಿಮಾಡಿಕೊಂಡು ಹೇಳಿದರು: "ಮಿಂಚುರಾಣಿಯವರು ಮಗೂಗೆ ಹಾಲು ಕುಡಿಸ್ತಾವ್ರೆ. ಒಂದ್ಗಳಿಗೆ ತಡ್ಕಳಿ."

ಚಪ್ಪರ ಗಪ್ಪೆಂದಿತು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಕೂಗಿದಳು: "ನಿಧಾನಕ್ಕೆ ಕುಡಿಸ್ಲೇಳಿ, ನಾವೇನ್ ಎದ್ದೋಗಲ್ಲ!"

ಸಂಜೆಯ ತಿಪಟೂರು ಬಸ್ಸಿಗೆ ಕಲಾವಿದೆಯನ್ನು ಹತ್ತಿಸಲು ಅತ್ತೆ, ನಾನು ಹೋದೆವು. ಅತ್ತೆ ಮಗುವನ್ನು ಎತ್ತಿಕೊಂಡಿದ್ದಳು. ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಟ್ರಂಕು ಎತ್ತಿಕೊಳ್ಳುತ್ತ ಇದ್ದಕ್ಕಿದ್ದಂತೆ ಕೇಳಿದಳು: "ಅಕ್ಕಾ, ನಿಮಗೆ ಯಾವ ಬಣ್ಣ ಇಷ್ಟ?"

ಅತ್ತೆ ಬೆಪ್ಪಾಗಿ ನಿಂತಳು. ಮಾವ ಸತ್ತಾಗ, ಇವಳು ಇನ್ನು ಮೇಲೆ ಏನು ಉಡಬೇಕು, ಏನು ಮುಡಿಯಬಾರದು ಎಂದು ಮನೆಯ ಹಿರಿಯರು ಅವಳ ಆ ಜಗುಲಿಯಲ್ಲೇ ಕೂತು ತೀರ್ಮಾನಿಸಿದ್ದರು. ಅಂದಿನಿಂದ ಅವಳು ಉಟ್ಟದ್ದು ಅದೇ ಮಾಸಲು ಬಣ್ಣ. ಊರಿನವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ ನಮ್ಮ ಅತ್ತೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂಬುದು ಆಗ ನನಗೆ ತಿಳಿಯಿತು. ಇವಳಿಗೆ ತಲೆ ಸಡಿಲ ಎಂದು ನಾವೆಲ್ಲ ಎಷ್ಟು ಸಲೀಸಾಗಿ ನಕ್ಕಿದ್ದೆವು!

ಬಸ್ಸು ಬಂದು ನಿಂತಿತು. ಅತ್ತೆ ಮಗುವನ್ನು ಅವಳ ಕೈಗೆ ಕೊಟ್ಟಳು. ಆ ಕಡೆ ಈ ಕಡೆ ನೋಡಿ, ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಮೆಲ್ಲಗೆ ಹೇಳಿದಳು:

"ಹಸಿರು ಕಣವ್ವಾ. ಎಳೇ ಹಸಿರು."