ತಂಗಿಯ ಇಲಿಗಳು, ಮಿತಿಮೀರಿದ ಆಕ್ಸಿಜನ್

ನಗುವ ಮನಸ್ಸಿಲ್ಲದ ದಿನಗಳಲ್ಲೇ ನಗಿಸುವವರು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ. ಯಜಮಾನರು ತೀರಿಕೊಂಡ ವರ್ಷ, ದಸರಾ ರಜೆಯಲ್ಲಿ ನಾನು ಮನೆಯಲ್ಲಿ ಒಬ್ಬಳೇ ಕೂರಬಾರದೆಂದು ತಂಗಿ ದಿನವೂ ಹರಿಹರದಿಂದ ದಾವಣಗೆರೆಯ ತನ್ನ ಪ್ರಯೋಗಾಲಯಕ್ಕೆ ಕರೆಸಿಕೊಳ್ಳುತ್ತಿದ್ದಳು. ಆಕ್ಸಿಜನ್ ಅತಿಯಾದರೆ ಶ್ವಾಸಕೋಶ ಕೆಡುತ್ತದೆ. ಅದನ್ನು ತಡೆಯುವ ಔಷಧಿಯೊಂದನ್ನು ಅವಳು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಳು. ಆಕ್ಸಿಜನ್ ತುಂಬಿದ ಎರಡು ಗಾಜಿನ ಪೆಟ್ಟಿಗೆ. ಒಂದರ ಇಲಿಗಳಿಗೆ ಔಷಧಿ, ಇನ್ನೊಂದರವಕ್ಕೆ ಇಲ್ಲ. ಇದು ಕೈಕೊಟ್ಟರೆ ಅವಳ ಮೂರು ವರ್ಷದ ಪಿಎಚ್‌ಡಿ ದುಡಿಮೆ ವ್ಯರ್ಥ.

ಕಿಟಕಿ

ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ, "ದಿನಾ ಎಲ್ಲಿಗ್ರೀ ಟೀಚರ್?" ಎಂದರು. ಎಲ್ಲ ವಿವರಿಸಿದೆ. ಅಜ್ಜಿ ತಟ್ಟನೆ ಕಿಟಕಿ ಎಳೆದು ಮುಚ್ಚಿದರು.

"ಹೊರಗಿನ ಗಾಳೀಲಿ ಆಕ್ಸಿಜನ್ ಐದರಲ್ಲಿ ಒಂದು ಪಾಲು ಅಷ್ಟೇ ಅಜ್ಜಿ, ಏನೂ ಆಗಲ್ಲ" ಎಂದೆ.

ಅಜ್ಜಿ ಮನಸ್ಸಿನಲ್ಲೇ ಅಳೆದು, ಕಿಟಕಿಯನ್ನು ಐದರಲ್ಲಿ ಒಂದು ಪಾಲು ತೆರೆದರು.

ಆರತಿ

ಇಲಿಗಳ ಕೋಣೆ ಗುಡಿಸುವ ಆಯಮ್ಮ ನಿಟ್ಟುವಳ್ಳಿಯವರು. ಆಯುಧಪೂಜೆಯ ದಿನ ಪೆಟ್ಟಿಗೆಗಳಿಗೆ ಆಕ್ಸಿಜನ್ ಒದಗಿಸುವ ಸಿಲಿಂಡರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಕರ್ಪೂರ ಹಚ್ಚಲು ಕಡ್ಡಿ ಗೀರುವಷ್ಟರಲ್ಲಿ ತಂಗಿ ಕಿರುಚಿದಳು: "ಆಯಮ್ಮಾ, ಬೆಂಕಿ ಬ್ಯಾಡ! ಆಕ್ಸಿಜನ್ ಐತೆ ಅದರಾಗೆ!"

"ಆರತಿ ಇಲ್ದೆ ಪೂಜೆ ಹೆಂಗ್ರೀ ಮೇಡಂ?"

ಕೊನೆಗೆ ಮೊಬೈಲಿನ ಟಾರ್ಚ್ ಹಾಕಿ, ತಟ್ಟೆಯಲ್ಲಿಟ್ಟು ಬೆಳಗಿದರು. ನಾವು ಭಕ್ತಿಯಿಂದ ಅದನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದಾಗ ಫೋನ್ ರಿಂಗಾಯಿತು.

"ನೋಡ್ರಿ, ಗಂಟೆನೂ ಆತು" ಎಂದರು ಆಯಮ್ಮ.

ಮುಚ್ಚಳ

ಫಲಿತಾಂಶ ಬಂತು. ಔಷಧಿ ಕೊಟ್ಟ ಇಲಿಗಳ ಶ್ವಾಸಕೋಶ ಪರವಾಗಿಲ್ಲ. ಕೊಡದವುಗಳದ್ದು ಅದಕ್ಕಿಂತ ಚೆನ್ನಾಗಿತ್ತು! ತಂಗಿ ತಲೆಮೇಲೆ ಕೈಹೊತ್ತು ಕೂತಳು.

ಪೆಟ್ಟಿಗೆಗಳ ಆಕ್ಸಿಜನ್ ಮೀಟರ್ ನೋಡಿ ಬರೆದಿಡುವ ಕೆಲಸ ನನ್ನದಾಗಿತ್ತು. ಪುಸ್ತಕ ತೋರಿಸಿದೆ: ಔಷಧಿಯಿಲ್ಲದ ಪೆಟ್ಟಿಗೆಯಲ್ಲಿ ದಿನಕ್ಕೆ ಹಲವು ಸಲ ಆಕ್ಸಿಜನ್ ಇಳಿದಿತ್ತು. ತಂಗಿ ಅದನ್ನು ನನ್ನ ಕನ್ನಡಕದ ತಪ್ಪು ಎಂದುಕೊಂಡಿದ್ದಳಂತೆ.

ಆಯಮ್ಮ ತಾವಾಗಿಯೇ ಒಪ್ಪಿಕೊಂಡರು. "ಬಂದಾಗೆಲ್ಲ ಮುಚ್ಚಳ ತೆಗೆದು ಒಂದೀಟು ಗಾಳಿ ಬಿಡ್ತಿದ್ದೆ ರೀ."

"ಅದೊಂದಕ್ಕೇ ಯಾಕ?"

"ಇನ್ನೊಂದಕ್ಕೆ ನಿಮ್ ಔಷಧಿ ಇತ್ತಲ್ರೀ. ಪಾಪ, ಇವಕ್ಕೆ ಯಾರಿದಾರ್ರೀ?"

ವಿಷಯ ಕೇಳಿ ತಂಗಿಯ ಪಿಎಚ್‌ಡಿ ಮಾರ್ಗದರ್ಶಕರು ಬಿದ್ದುಬಿದ್ದು ನಕ್ಕರು. "ನಡುನಡುವೆ ಬರೀ ಗಾಳಿ ಕೊಟ್ಟರೂ ಶ್ವಾಸಕೋಶಕ್ಕೆ ಒಳ್ಳೇದೇ. ಇನ್ನೂ ಟೈಮ್ ಐತೆ, ಮತ್ತೆ ಮಾಡಮ್ಮ. ಈ ಸಲ ಮೂರು ಪೆಟ್ಟಿಗೆ ಇಡು. ಒಂದಕ್ಕೆ ಔಷಧಿ, ಒಂದಕ್ಕೆ ಗಾಳಿ, ಒಂದಕ್ಕೆ ಏನೂ ಬ್ಯಾಡ."

ತಂಗಿಗೆ ಹೋದ ಜೀವ ಬಂತು. ಆಯಮ್ಮ ಮಾತ್ರ ಪೊರಕೆ ಹಿಡಿದು ಯೋಚಿಸುತ್ತ ನಿಂತಿದ್ದರು.

"ಆ ಮೂರನೇ ಪೆಟ್ಟಿಗೆಗೆ ಬೀಗ ಹಾಕಿಬಿಡ್ರಿ ಮೇಡಂ. ನನ್ ಕೈ ಸುಮ್ನಿರಲ್ಲ."