ಸೋಮವಾರದ ನೀರಿಗೆ ಉಪ್ಪು

ನಿನ್ನೆ ನಳದ ನೀರು ಬಂತು. ಎರಡು ಬ್ಯಾರಲ್, ನಾಲ್ಕು ಕೊಡ ತುಂಬಿದೆ. ಹದಿನಾರು ರೊಟ್ಟಿ ಬಡಿದೆ. ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟೆ. ಅಟ್ಟದ ಮೇಲಿನ ಮೆಣಸಿನಕಾಯಿಯನ್ನು ಮಾಳಿಗೆಗೆ ಒಯ್ದು ಬಿಸಿಲಿಗೆ ಹರವಿದೆ. ಮೀನಿನ ಉಪ್ಪು ನೋಡಿದೆ. ಮೊದಲಿನ ನಾಲ್ಕು ಕೆಲಸ ಇಳಕಲ್ಲಿನಲ್ಲಿ ಯಾವ ಹೆಂಗಸಾದರೂ ಮಾಡುತ್ತಾಳೆ. ಐದನೆಯದು ಮಾತ್ರ ನನ್ನೊಬ್ಬಳ ಪಾಲಿಗೆ ಬಂದಿದೆ.

ನಮ್ಮ ಹೊರಗಿನ ಕೋಣೆಯಲ್ಲಿ ಬಾಡಿಗೆಗಿರುವ ಟೀಚರ್ ಕಾರವಾರದ ಹುಡುಗಿ. ಸಮುದ್ರ ಬಿಟ್ಟು ಇರಲಾರದೆ ಒಂದು ಗಾಜಿನ ತೊಟ್ಟಿಯಷ್ಟು ಸಮುದ್ರವನ್ನು ಜೊತೆಗೆ ತಂದುಕೊಂಡಿದ್ದಾಳೆ. ಅದರೊಳಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಅವಳ ಕೋಣೆ ಬಿಸಿಲಿಗೆ ಕಾಯುತ್ತದೆಂದು ತೊಟ್ಟಿ ಇರುವುದು ನಮ್ಮ ಪಡಸಾಲೆಯಲ್ಲಿ. ಒಂದು ತಿಂಗಳ ತರಬೇತಿಗೆಂದು ಧಾರವಾಡಕ್ಕೆ ಹೊರಟಾಗ ಅವಳು ಮೀನುಗಳನ್ನೇ ನೋಡುತ್ತ ನಿಂತುಬಿಟ್ಟಿದ್ದಳು. "ನೀವೇನ್ ಚಿಂತಿ ಮಾಡಬ್ಯಾಡ್ರಿ, ನಾ ಅದೇನಿ" ಎಂದು ಕಳಿಸಿಕೊಟ್ಟೆ. ಹಾಗೆ ಅಂದ ಮೇಲೆ ಎರಡು ಮೀನನ್ನೂ ಜೀವಂತ ಒಪ್ಪಿಸಬೇಕಲ್ಲ.

ಹೋಗುವಾಗ ಒಂದು ಚೀಟಿ ಬರೆದಿಟ್ಟಿದ್ದಳು. ಭಾನುವಾರ ಒಂದು ಬಕೆಟ್ ನೀರು ತೆಗೆದು, ಉಪ್ಪು ಕಲಸಿದ ಒಂದು ಬಕೆಟ್ ನೀರು ಹಾಕಬೇಕು. ಉಳಿದ ದಿನ ಎಷ್ಟು ನೀರು ಆರುತ್ತದೋ ಅಷ್ಟು ಸಪ್ಪೆ ನೀರು ಹಾಕಬೇಕು. ಒಂದು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಗೆ ತೊಟ್ಟಿಯ ನೀರು ತುಂಬಿದರೆ, ಉಪ್ಪು ಹೆಚ್ಚಿದ್ದಷ್ಟೂ ಅದರೊಳಗಿನ ಸೂಜಿ ಮೇಲೇಳುತ್ತದೆ. ಅದು ಹಸಿರು ಗೆರೆಯೊಳಗೆ ನಿಲ್ಲಬೇಕು. ಮೀನಿನ ಉಪ್ಪಿನ ಚೀಲವೂ ಅಲ್ಲೇ ಇತ್ತು.

ಭಾನುವಾರದ ನೀರಿಗೆ ಉಪ್ಪು ಬೇಕು, ಸೋಮವಾರದ್ದಕ್ಕೆ ಬೇಡ. ಸೋಮವಾರದ ನೀರು ಏನು ಪಾಪ ಮಾಡಿದೆ? ಚೀಟಿಯನ್ನು ಎರಡು ಸಲ ಓದಿದ ಮೇಲೆ ನನಗೆ ಟೀಚರ್ ಬಗ್ಗೆ ಕನಿಕರವೇ ಹುಟ್ಟಿತು. ಒಬ್ಬಳೇ ಇರುವ ಹುಡುಗಿ, ಅಡುಗೆಯ ಅನುಭವ ಕಡಿಮೆ, ಅವಸರದಲ್ಲಿ ಬರೆದಿದ್ದಾಳೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಉಣ್ಣಲು ಕುಳಿತಾಗ ಇಬ್ಬರು ಬೀಗರು ಬಂದರೆ ಸಾರಿಗೆ ಎರಡು ಚೊಂಬು ನೀರು ಬೆರೆಸುತ್ತೇವೆ, ಹಿಂದೆಯೇ ಒಂದು ಚಿಟಿಕೆ ಉಪ್ಪು ಹಾಕುತ್ತೇವೆ. ಇದನ್ನು ಯಾರೂ ಚೀಟಿ ಬರೆದು ಹೇಳಬೇಕಾಗಿಲ್ಲ. ನಮ್ಮ ಬಿಸಿಲಿಗೆ ತೊಟ್ಟಿಯ ನೀರು ದಿನಾ ಎರಡು ಬೆರಳು ಇಳಿಯುತ್ತಿತ್ತು. ಅಷ್ಟನ್ನೂ ನಾನು ಹದವಾಗಿ ಉಪ್ಪು ಕಲಸಿಯೇ ತುಂಬಿದೆ.

ಸೂಜಿ ಏರತೊಡಗಿತು. ಮೂರನೆಯ ದಿನ ಹಸಿರು ಗೆರೆ ದಾಟಿತು, ಆರನೆಯ ದಿನ ಡಬ್ಬಿಯ ಮೂಲೆಗೆ ಹೋಗಿ ನಿಂತಿತು. ಹೋದ ನೀರಿನಷ್ಟೇ ನೀರು, ಅದಕ್ಕೆ ತಕ್ಕಷ್ಟೇ ಉಪ್ಪು ಹಾಕುತ್ತಿದ್ದೇನೆ. ಹೆಚ್ಚಿನ ಉಪ್ಪು ಎಲ್ಲಿಂದ ಬಂತು? ನಮ್ಮವರು ಸರ್ವೇ ಆಫೀಸಿನವರು. ಅಳತೆಯ ವಿಷಯದಲ್ಲಿ ಯಾರನ್ನೂ ನಂಬುವವರಲ್ಲ. "ಸೂಜಿ ಕೆಟ್ಟೈತಿ" ಅಂದರು. ಆಮೇಲೆ, "ನಮ್ಮ ನಳದ ನೀರ ಮೊದಲ ಸವಳು, ಉಪ್ಪುಪ್ಪು ಅಲ್ಲೇನ?" ಅಂದರು. ಮರುದಿನದಿಂದ ಫಿಲ್ಟರ್ ನೀರಿನ ಕ್ಯಾನು ತರಿಸಿದೆ. ಉಪ್ಪನ್ನು ಮಾತ್ರ ಮರೆಯಲಿಲ್ಲ. ಸೂಜಿ ಮೂಲೆ ಬಿಟ್ಟು ಕದಲಲಿಲ್ಲ. ಕೊನೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಅತ್ತೆ ಅದನ್ನು ನೋಡಿಬಿಟ್ಟರು.

"ಯಾಕ ನೀಲವ್ವ, ಒಗ್ಗರಣಿ ಕೊಡೂದ ಒಂದ ಉಳದೈತೇನ?"

ನಗಲು ನನಗೆ ಮನಸ್ಸಾಗಲಿಲ್ಲ. ನಿನ್ನೆ ಮುಂಜಾನೆ ಎರಡೂ ಮೀನು ತಳದಲ್ಲಿ ನಿಂತು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಮೀನಿನ ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ. ಧಾರವಾಡಕ್ಕೆ ಫೋನ್ ಹಚ್ಚಿದೆ.

"ದಿನಾ ಸಪ್ಪೆ ನೀರೇ ಹಾಕ್ತಿದ್ದೀರಲ್ವಾ ಅಕ್ಕಾ?" ಎಂದು ಟೀಚರ್ ಕೇಳಿದಳು.

"ಹೂನ್ರಿ, ಸಪ್ಪನ್ನ ನೀರ. ಅದಕ್ಕಷ್ಟ ಉಪ್ಪ ಕಲಸತೇನಿ."

ಟೀಚರ್ ಮೆಲ್ಲಗೆ ಅಂದಳು, "ಅಕ್ಕಾ, ಆರೋದು ನೀರು ಮಾತ್ರ. ಉಪ್ಪು ಎಲ್ಲೂ ಹೋಗೋದಿಲ್ಲ, ಒಳಗೇ ಇರುತ್ತೆ."

ಒಮ್ಮೆಲೇ ಮಾಡಿದರೆ ಮೀನು ತಡೆಯುವುದಿಲ್ಲ, ತಾಸಿಗೊಂದು ಚೊಂಬಿನಂತೆ ತೊಟ್ಟಿಯ ನೀರು ತೆಗೆದು ಅಷ್ಟೇ ಸಪ್ಪೆ ನೀರು ಹಾಕಿ, ಎರಡು ಮೂರು ದಿನ ಹೀಗೇ ಮಾಡಿ ಅಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಹುಡುಗಿ ಬೈಯಲಿಲ್ಲ. ಫೋನ್ ಇಟ್ಟ ಮೇಲೆ ಅತ್ತೆಗೆ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. "ನಿನ್ನಿ ಸಾರ ಕುದ್ದ ಕುದ್ದ ಉಪ್ಪಾದ್ರ ಏನ ಹಾಕ್ತೀ?"

"ನೀರು."

"ಉಪ್ಪು?"

ನಾನು ಚೊಂಬು ತೆಗೆದುಕೊಂಡು ತೊಟ್ಟಿಯ ಹತ್ತಿರ ಹೋದೆ.

ಇಡೀ ದಿನ ತಾಸಿಗೊಂದು ಚೊಂಬು ತೆಗೆದೆ, ಒಂದು ಚೊಂಬು ಹಾಕಿದೆ. ತೆಗೆದ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಅದಕ್ಕೇ ಭಾನುವಾರ ಉಪ್ಪು ಬೇಕು ಎಂದು ಐದನೆಯ ಚೊಂಬಿಗೆ ಹೊಳೆಯಿತು. ಏಳನೆಯ ಚೊಂಬಿಗೆ ಮತ್ತೆ ಗೊಂದಲವಾಯಿತು. ಸಂಜೆ ಸೂಜಿ ಮೂಲೆ ಬಿಟ್ಟು ಕೂದಲೆಳೆಯಷ್ಟು ಇಳಿದಿತ್ತು. ಒಂದು ಮೀನು ಮೇಲೆ ಬಂದು ಎರಡು ಕಾಳು ತಿಂದಿತು. ಇನ್ನೊಂದು ತಳದಲ್ಲೇ ಇತ್ತು.

ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಉಂಡೆವು. ಎರಡನೆಯದು ತಿನ್ನುವ ತನಕ ಕಣ್ಣು ಮುಚ್ಚುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡೆ. ಮನೆಯಲ್ಲಿ ಮೊದಲು ನಿದ್ದೆ ಹೋದವಳು ನಾನೇ, ಅದೂ ಕುರ್ಚಿಯಲ್ಲೇ ಎಂದು ಇಂದು ಮುಂಜಾನೆ ಅತ್ತೆ ಹೇಳಿದರು. ಎರಡನೆಯ ಮೀನಿಗೆ ಕಾಳು ಹಾಕಿದವರೂ ಅವರೇ. ಅದು ತಿಂದು, ಗಾಜಿನ ಹತ್ತಿರ ಬಂದು, ನನ್ನ ತೆರೆದ ಬಾಯಿಯನ್ನು ಬಹಳ ಹೊತ್ತು ನೋಡುತ್ತ ನಿಂತಿತ್ತಂತೆ.